ಬೋಟಿನ ಸೆಲ್ಫ್ ಕೈಕೊಟ್ಟಾಗ: ಹೊಸದು ಹಾಕುವುದೋ, ಬಿಚ್ಚಿ ಕಟ್ಟಿಸುವುದೋ?

ಕಾಸರಗೋಡು ಜಿಲ್ಲೆಯೊಂದರಲ್ಲೇ 12 ಹೊಳೆಗಳು ಕಡಲು ಸೇರುತ್ತವೆ. ಮಂಜೇಶ್ವರ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಹೀಗೆ ಒಂದೊಂದಕ್ಕೂ ಒಂದು ಅಳಿವೆ, ಅಳಿವೆಯ ಬಾಯಲ್ಲಿ ಮರಳ ದಿಬ್ಬ, ದಿಬ್ಬದ ಮೇಲೆ ಒಡೆಯುವ ತೆರೆ. ಅಂಥ ಜಾಗದಲ್ಲಿ ಎಂಜಿನ್ ನಿಂತು, ಕೀ ತಿರುಗಿಸಿದಾಗ ಬರೀ 'ಟಕ್' ಎಂದರೆ ಬೋಟಿನಲ್ಲಿರುವವರ ಜೀವ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಆ ಒಂದು ಸೆಲ್ಫ್ ಮೋಟರಿನ ಮೇಲೆ ನಿಂತಿರುತ್ತದೆ. ಹಾಗಾಗಿ ಹೊಸದು ಹಾಕಬೇಕೋ ಹಳೆಯದನ್ನೇ ಕಟ್ಟಿಸಬೇಕೋ ಎನ್ನುವುದು ಬರೀ ದುಡ್ಡಿನ ಲೆಕ್ಕವಲ್ಲ. ಬಿಚ್ಚಿ ನೋಡದೆ ಆ ತೀರ್ಮಾನ ಮಾಡಲೂಬಾರದು. ಬ್ರಶ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಸವೆದಿದೆಯೇ ಎನ್ನುವುದರಿಂದ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ಆರ್ಮೇಚರಿನಲ್ಲಿ, ಅಂದರೆ ಒಳಗೆ ತಿರುಗುವ ಸುರುಳಿ ಸುತ್ತಿದ ಭಾಗದಲ್ಲಿ, ಮತ್ತು ಬಾಡಿಯಲ್ಲಿ.

ಬಿಚ್ಚುವ ಮೊದಲು, ತಪ್ಪು ನಿಜಕ್ಕೂ ಸೆಲ್ಫಿನದೇ ಎಂದು ಖಚಿತಪಡಿಸಿಕೊಳ್ಳಿ. ಅಂಗಡಿಗೆ ಬರುವ ಸೆಲ್ಫ್‌ಗಳಲ್ಲಿ ಎಷ್ಟೋ ಸರಿಯಾಗಿಯೇ ಇರುತ್ತವೆ. ದೋಷ ಬ್ಯಾಟರಿಯಲ್ಲೋ ಕೇಬಲಿನಲ್ಲೋ ಇರುತ್ತದೆ.

ಮಲ್ಟಿಮೀಟರ್ ತೆಗೆದುಕೊಳ್ಳಿ. ಬೋಟು ಕೆಲವು ಗಂಟೆ ಸುಮ್ಮನಿದ್ದ ಮೇಲೆ 12 ವೋಲ್ಟಿನ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು, 24 ವೋಲ್ಟಿನ ಜೋಡಿ 25.2ರ ಆಸುಪಾಸು. ಡೀಸೆಲ್ ಎಂಜಿನ್ ಆದರೆ ಸ್ಟಾಪ್ ಲಿವರ್ ಎಳೆದು ಹಿಡಿಯಿರಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಇನ್ನೊಬ್ಬರಿಂದ ಕೀ ತಿರುಗಿಸಿ. ಎಂಜಿನ್ ತಿರುಗುತ್ತಿರುವಾಗ ಬ್ಯಾಟರಿ ಕಂಬಗಳ ಮೇಲೆ 9.6 ವೋಲ್ಟಿಗಿಂತ (24ರಲ್ಲಿ 19.2ಕ್ಕಿಂತ) ಕೆಳಗೆ ಬಿದ್ದರೆ ಮೊದಲು ಬ್ಯಾಟರಿಯನ್ನು ಚಾರ್ಜ್ ಮಾಡಿಸಿ, ಲೋಡ್ ಟೆಸ್ಟ್ ಮಾಡಿಸಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ 2 ನಿಮಿಷ ಬಿಡಿ. ಹೊಗೆ ಪೈಪಿಗೆ ಕಡಲ ನೀರು ಬಿಡುವ ಎಂಜಿನ್ ಆದರೆ, ಈ ಪರೀಕ್ಷೆ ನಡೆಯುವಷ್ಟು ಹೊತ್ತು ನೀರಿನ ವಾಲ್ವ್ ಮುಚ್ಚಿರಲಿ. ಎಂಜಿನ್ ಹೊತ್ತದೆ ಸುಮ್ಮನೆ ತಿರುಗುತ್ತಿದ್ದರೆ ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ವಾಪಸ್ ಬರುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ವಾಲ್ವ್ ತೆರೆಯಲು ಮರೆಯಬೇಡಿ. ನೆನಪಿಗೆ ಕೀಯನ್ನು ವಾಲ್ವಿನ ಹಿಡಿಗೇ ತೂಗುಹಾಕುವುದು ಒಳ್ಳೆಯ ಅಭ್ಯಾಸ.

ಎರಡನೆಯದು ಕೇಬಲಿನಲ್ಲಿ ಆಗುವ ವೋಲ್ಟೇಜ್ ನಷ್ಟ. ಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ (ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೇ), ಇನ್ನೊಂದು ಸೊಲೆನಾಯ್ಡಿನ (ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟ್ ಹಾಯಿಸುವ ಸ್ವಿಚ್) ದಪ್ಪ ಕೇಬಲ್ ಬರುವ ಬೋಲ್ಟಿನ ಮೇಲೆ ಇಟ್ಟು ಎಂಜಿನ್ ತಿರುಗಿಸಿ. 0.5 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಹಾಗೆಯೇ ಬ್ಯಾಟರಿ ಮೈನಸ್‌ನಿಂದ ಸೆಲ್ಫಿನ ಬಾಡಿಗೆ 0.3ಕ್ಕಿಂತ ಹೆಚ್ಚಿರಬಾರದು. ಇಷ್ಟು ಸಣ್ಣ ಸಂಖ್ಯೆಗೆ ಯಾಕಿಷ್ಟು ಮಹತ್ವ ಎಂದರೆ, ಸೆಲ್ಫ್ 400 ಆಂಪಿಯರ್ ಎಳೆಯುವಾಗ ಕೇಬಲ್ ತುದಿಯ ಒಂದು ಕಿಲುಬು ಹಿಡಿದ ಲಗ್‌ನಲ್ಲಿ ಒಂದು ಓಮಿನ ಸಾವಿರದಲ್ಲೊಂದು ಪಾಲು ತಡೆ ಇದ್ದರೂ ಅಲ್ಲಿ 0.4 ವೋಲ್ಟ್ ಹೋಗುತ್ತದೆ, 160 ವ್ಯಾಟ್ ಬಿಸಿಯಾಗಿ ಉರಿಯುತ್ತದೆ. ಅಂಥ ಮೂರು ಕೂಡಿದರೆ 12 ವೋಲ್ಟಿನ ಸೆಲ್ಫ್ ಹೊಸದಿದ್ದರೂ ಎಂಜಿನ್ ಎತ್ತುವುದಿಲ್ಲ. ಎಂಜಿನ್ ತಿರುಗಿಸಿದ ಕೂಡಲೇ ಪ್ರತಿ ಜೋಡಣೆಯನ್ನೂ ಕೈಬೆರಳಿನಿಂದ ಮುಟ್ಟಿ ನೋಡಿ: ಬೆಚ್ಚಗಾದದ್ದೇ ಕಳ್ಳ. ನಮ್ಮ ಉಪ್ಪುಗಾಳಿಗೆ ಲಗ್ಗಿನಿಂದ ಒಳಕ್ಕೆ ರಬ್ಬರಿನಡಿ ಹಸಿರು ಕಿಲುಬು ಹರಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಲಗ್ ಹತ್ತಿರ ಕೇಬಲ್ ಬಗ್ಗಿಸಿದಾಗ ಮರಳಿನಂತೆ ಕರಕರ ಎಂದರೆ ಆ ಕೇಬಲ್ ಮುಗಿದಂತೆ. ತವರ ಲೇಪಿಸಿದ ತಾಮ್ರದ ಕೇಬಲನ್ನೇ ಹಾಕಿಸಿ.

ಕೀಯಿಂದ ಸೊಲೆನಾಯ್ಡಿಗೆ ಬರುವ ಸಣ್ಣ ವೈರಿನಲ್ಲೂ ಇದೇ ಕಥೆ. ಸೊಲೆನಾಯ್ಡಿನ 50 ಎಂಬ ಟರ್ಮಿನಲ್‌ನಲ್ಲಿ, ಕೀ ತಿರುಗಿಸಿ ಹಿಡಿದಾಗ, ಬ್ಯಾಟರಿ ವೋಲ್ಟೇಜಿಗೆ ಹತ್ತಿರದ ಅಂಕಿ ಬರಬೇಕು. ವೀಲ್‌ಹೌಸಿನಿಂದ ಎಂಜಿನ್ ಕೋಣೆಗೆ ಉದ್ದ ವೈರು, ನಡುವೆ ಕೀ, ನ್ಯೂಟ್ರಲ್ ಸ್ವಿಚ್, ಎರಡು ಮೂರು ಜಾಯಿಂಟ್, ಇವೆಲ್ಲ ಸೇರಿ 8 ವೋಲ್ಟ್ ಮಾತ್ರ ತಲುಪಿದರೆ ಸೊಲೆನಾಯ್ಡ್ ನಡುಗುತ್ತದೆ, ಎಳೆಯುವುದಿಲ್ಲ. ಸೆಲ್ಫಿನ ಪಕ್ಕದಲ್ಲೊಂದು ರಿಲೇ ಕೂರಿಸಿದರೆ ಕೆಲಸ ಮುಗಿಯಿತು.

ಇನ್ನೊಂದು ಮುಖ್ಯ ಸಂಗತಿ: ಕ್ರ್ಯಾಂಕ್ ಪುಲ್ಲಿಗೆ ಸ್ಪಾನರ್ ಹಾಕಿ ಎಂಜಿನ್ ಅನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಒಂದು ಹಂತದಲ್ಲಿ ಗೋಡೆಗೆ ಬಡಿದಂತೆ ನಿಲ್ಲುತ್ತದೆ. ಅಂಥ ಎಂಜಿನ್ನಿಗೆ ಹೊಸ ಸೆಲ್ಫ್ ಹಾಕಿ ಒತ್ತಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಸೆಲ್ಫಿನ ಸದ್ದನ್ನು ಕೇಳಿ. ಒಂದೇ ಗಟ್ಟಿ 'ಟಕ್', ಆಮೇಲೆ ಮೌನ: ಸೊಲೆನಾಯ್ಡಿನೊಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಇಲ್ಲವೇ ಬ್ರಶ್ ಕಮ್ಯುಟೇಟರಿಗೆ (ಆರ್ಮೇಚರಿನ ತುದಿಯಲ್ಲಿರುವ ತಾಮ್ರದ ಪಟ್ಟಿಗಳ ಸುತ್ತು) ತಾಗುತ್ತಿಲ್ಲ. ಎರಡರಲ್ಲಿ ಯಾವುದು ಎಂದು ತಿಳಿಯಲು, ಕೀ ಹಿಡಿದಿರುವಾಗ ಸೊಲೆನಾಯ್ಡಿನಿಂದ ಮೋಟರಿಗೆ ಹೋಗುವ ಬೋಲ್ಟಿನಲ್ಲಿ ವೋಲ್ಟೇಜ್ ನೋಡಿ. ಇಲ್ಲದಿದ್ದರೆ ಸೊಲೆನಾಯ್ಡ್, ಇದ್ದೂ ತಿರುಗದಿದ್ದರೆ ಮೋಟರ್. ಮೋಟರ್ 'ಗುಂಯ್' ಎಂದು ತಾನೇ ತಿರುಗಿ ಎಂಜಿನ್ ತಿರುಗಿಸದಿದ್ದರೆ ಬೆಂಡಿಕ್ಸಿನ (ಪಿನಿಯನ್ ಮತ್ತು ಅದರ ಕ್ಲಚ್ ಇರುವ ಜೋಡಣೆ) ಕ್ಲಚ್ ಜಾರುತ್ತಿದೆ, ಇಲ್ಲವೇ ಫ್ಲೈವೀಲಿಗೆ ಕಚ್ಚುವ ಸಣ್ಣ ಹಲ್ಲುಚಕ್ರವಾದ ಪಿನಿಯನ್ ತುಕ್ಕಿನಿಂದ ಅಂಟಿ ಮುಂದೆ ಹೋಗುತ್ತಿಲ್ಲ. ಕೀ ಬಿಟ್ಟರೂ ತಿರುಗುತ್ತಲೇ ಇದ್ದರೆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ತಕ್ಷಣ ಬ್ಯಾಟರಿ ಮೈನ್ ಸ್ವಿಚ್ ತೆಗೆಯಿರಿ. ಸೆಲ್ಫಿಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗಿತೆಂದರೆ ಬ್ರಶ್ ಸವೆದು ಕೂತಿದೆ ಎಂದರ್ಥ. ಅದು ದಡ ಸೇರಲು ಮಾಡುವ ಉಪಾಯ, ರಿಪೇರಿಯಲ್ಲ. ಒಳಗೆ ಅಂಟಿಸಿದ ಮ್ಯಾಗ್ನೆಟ್ ಇರುವ ಹೊಸ ಮಾದರಿಗಳನ್ನಂತೂ ತಟ್ಟಲೇಬೇಡಿ, ಮ್ಯಾಗ್ನೆಟ್ ಒಡೆಯುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡುವ ರೂಢಿಯನ್ನೂ ಬಿಡಬೇಕು: ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಪೆಟ್ರೋಲ್ ಎಂಜಿನ್ ಆದರೆ ಆವಿಯೂ ಇರುತ್ತದೆ.

ಕರಕರ ಕಡಿಯುವ ಸದ್ದು ಬಂದರೆ ಫ್ಲೈವೀಲಿನ ಸುತ್ತ ಹಲ್ಲುಗಳಿರುವ ರಿಂಗ್ ಗೇರನ್ನೂ ನೋಡಬೇಕು. ಎಂಜಿನ್ ನಿಲ್ಲಿಸಿದಾಗ ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಕಂಪ್ರೆಶನ್ನಿನ ತಡೆಗೆ ಆರು ಸಿಲಿಂಡರಿನದು ಮೂರು ಜಾಗದಲ್ಲಿ, ನಾಲ್ಕರದು ಎರಡು ಜಾಗದಲ್ಲಿ ನಿಲ್ಲುತ್ತದೆ. ಪಿನಿಯನ್ ಯಾವಾಗಲೂ ಆ ಹಲ್ಲುಗಳಿಗೇ ಬಡಿಯುವುದರಿಂದ ಅವಷ್ಟೇ ಸವೆಯುತ್ತವೆ. ಕೈಯಿಂದ ಎಂಜಿನ್ ಸ್ವಲ್ಪ ತಿರುಗಿಸಿ ಮತ್ತೆ ಕೀ ಕೊಟ್ಟಾಗ ಸಲೀಸಾಗಿ ಹಿಡಿದರೆ ರಿಂಗ್ ಗೇರ್ ಹಾಳಾಗಿದೆ. ಅದನ್ನು ಬಿಟ್ಟು ಸೆಲ್ಫ್ ಮಾತ್ರ ಹೊಸದು ಹಾಕಿದರೆ ಹೊಸ ಪಿನಿಯನ್ನೂ ಬೇಗ ಹೋಗುತ್ತದೆ.

ಈಗ ಬಿಚ್ಚುವ ಕೆಲಸ. ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ. ದೊಡ್ಡ ಬೋಟಿನ ಸೆಲ್ಫ್ 20 ಕಿಲೋ ದಾಟಬಹುದು. ಕೊನೆಯ ಬೋಲ್ಟ್ ತೆಗೆಯುವ ಮೊದಲು ಕೆಳಗೆ ಹಗ್ಗದ ಆಸರೆ ಕೊಡಿ. ಹೊರತೆಗೆದ ಮೇಲೆ ಬಾಡಿಯ ಎರಡು ತುದಿಯ ಮುಚ್ಚಳಗಳಿಗೆ ಅಡ್ಡವಾಗಿ ಒಂದು ಗೀರು ಹಾಕಿಡಿ, ಜೋಡಿಸುವಾಗ ಅದೇ ಜಾಗಕ್ಕೆ ಬರಲಿ.

ಮೊದಲು ನೋಡಬೇಕಾದದ್ದು ಮೂತಿ, ಅಂದರೆ ಪಿನಿಯನ್ ಕಡೆಯ ಅಲ್ಯೂಮಿನಿಯಂ ಅಥವಾ ಬೀಡಿನ ಎರಕ. ಬೋಲ್ಟ್ ಕಿವಿಯಲ್ಲಿ ಬಿರುಕು ಇದ್ದರೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಪದರ ಏಳುತ್ತಿದ್ದರೆ, ಮುಂದಿನ ಪರೀಕ್ಷೆಗೆ ಸಮಯ ಹಾಳುಮಾಡಬೇಡಿ. ವೆಲ್ಡಿಂಗ್ ಮಾಡಿಸಿದ ಮೂತಿ ನೇರ ಕೂರುವುದಿಲ್ಲ, ಶಾಫ್ಟ್ ಕೂರುವ ಬುಶ್ ವಾಲುತ್ತದೆ. ಹೊಸದು ತನ್ನಿ.

ಉದ್ದ ಬೋಲ್ಟ್‌ಗಳನ್ನು ಬಿಚ್ಚಿ ಆರ್ಮೇಚರ್ ಹೊರಗೆಳೆದರೆ ಅದೇ ತನ್ನ ಕಥೆ ಹೇಳುತ್ತದೆ. ಕಮ್ಯುಟೇಟರ್ ಬರೀ ಕಪ್ಪಾಗಿದ್ದರೆ ಏನೂ ಆಗಿಲ್ಲ, ನಯವಾದ ಕಾಗದದಿಂದ ಒರೆಸಿದರೆ ತಾಮ್ರ ಹೊಳೆಯುತ್ತದೆ. ಎಮೆರಿ ಕಾಗದ ಬೇಡ, ಗಾಜುಕಾಗದ ಬಳಸಿ. ಎಮೆರಿಯ ಕಣ ಪಟ್ಟಿಗಳ ನಡುವೆ ಕೂರುತ್ತದೆ. ಬ್ರಶ್ ಓಡಿದ ಜಾಗದಲ್ಲಿ ತೋಡು ಬಿದ್ದಿದ್ದರೆ ಲೇತಿನಲ್ಲಿ ಒಂದು ತೆಳು ಕಟ್ ಹೊಡೆಸಬಹುದು, ಕಂಪನಿ ಹೇಳಿದ ಕನಿಷ್ಠ ವ್ಯಾಸಕ್ಕಿಂತ ಕೆಳಗೆ ಹೋಗದಿದ್ದರೆ ಮಾತ್ರ. ಪಟ್ಟಿಗಳ ನಡುವಿನ ಮೈಕಾ ವಿಷಯದಲ್ಲಿ ಎಚ್ಚರ: ಜಪಾನಿ ಮಾದರಿಗಳಲ್ಲಿ ಅದನ್ನು ಅರ್ಧ ಮಿಲಿಮೀಟರಿನಷ್ಟು ಒಳಕ್ಕೆ ಕೆರೆಯಬೇಕು, ಹಳೆಯ ಲೂಕಾಸ್ ಸೆಲ್ಫ್‌ಗಳಲ್ಲಿ ಕೆರೆಯಲೇಬಾರದು. ಎಲ್ಲಕ್ಕೂ ಒಂದೇ ಹ್ಯಾಕ್‌ಸಾ ಬ್ಲೇಡ್ ಓಡಿಸುವವರ ಕೈಗೆ ಕೊಡಬೇಡಿ.

ಒಂದೆರಡು ಪಟ್ಟಿಗಳು ಮಾತ್ರ ಸುಟ್ಟು ಗುಳಿಬಿದ್ದಿದ್ದರೆ ಆ ಪಟ್ಟಿಗೆ ಬರುವ ಸುರುಳಿ ತುಂಡಾಗಿದೆ ಅಥವಾ ಬೆಸುಗೆ ಬಿಟ್ಟಿದೆ. ಬಾಡಿಯ ಒಳಗೋಡೆಯಲ್ಲಿ ಸುತ್ತಲೂ ಸೀಸದ ಸಣ್ಣ ಹನಿಗಳು ಸಿಡಿದು ಅಂಟಿದ್ದರೆ, ಸೆಲ್ಫ್ ಬಿಡದೆ ಹೊಡೆದು ಹೊಡೆದು ಬೆಸುಗೆಯೇ ಕರಗಿದೆ. ಆರ್ಮೇಚರಿನ ಕಬ್ಬಿಣದ ಮೈಮೇಲೆ ಒಂದು ಕಡೆ ಹೊಳೆಯುವ ಉಜ್ಜಿದ ಗುರುತು ಕಂಡರೆ, ಬುಶ್ ಸವೆದು ಆರ್ಮೇಚರ್ ಪೋಲ್ ಶೂಗೆ (ಬಾಡಿಯೊಳಗೆ ಬಿಗಿದ ಕಬ್ಬಿಣದ ತುಂಡು) ತಾಗುತ್ತಿತ್ತು. ತೆಳುವಾಗಿದ್ದರೆ ಬುಶ್ ಬದಲಿಸಿದರೆ ಸಾಕು, ಆಳವಾಗಿ ತಿಂದಿದ್ದರೆ ಆರ್ಮೇಚರ್ ಹೋಯಿತು. ಕಣ್ಣಿಗೆ ಕಾಣದ ಒಳ ಶಾರ್ಟ್ ಹುಡುಕಲು ವೈಂಡಿಂಗ್ ಅಂಗಡಿಯ ಗ್ರೌಲರೇ ಬೇಕು: ಅದರ ಮೇಲೆ ಆರ್ಮೇಚರ್ ಇಟ್ಟು ತಿರುಗಿಸುತ್ತ ಹ್ಯಾಕ್‌ಸಾ ಬ್ಲೇಡ್ ಹಿಡಿದರೆ, ಶಾರ್ಟ್ ಇರುವ ಜಾಗದಲ್ಲಿ ಬ್ಲೇಡ್ ಝೇಂಕರಿಸುತ್ತದೆ. ಮುಂದೆ ನಿಂತು ನೋಡಿ, ಎರಡು ನಿಮಿಷದ ಕೆಲಸ. ಕಮ್ಯುಟೇಟರಿನಿಂದ ಶಾಫ್ಟಿಗೆ, ಫೀಲ್ಡ್ ಕಾಯಿಲಿನಿಂದ (ಬಾಡಿಯೊಳಗೆ ಕೂತಿರುವ ಸುರುಳಿ) ಬಾಡಿಗೆ ಮೀಟರ್ ಸಂಪರ್ಕ ತೋರಿಸಬಾರದು. ಆದರೆ ನೀರು ಕುಡಿದ ಸೆಲ್ಫ್ ಇಲ್ಲಿ ಮೋಸ ಮಾಡುತ್ತದೆ. ಉಪ್ಪು ನೀರಿನ ತೇವದಿಂದಲೂ ಸೋರಿಕೆ ಕಾಣುತ್ತದೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, 80 ಡಿಗ್ರಿಯ ಆಸುಪಾಸಿನ ಓವನ್ನಿನಲ್ಲಿ ಕೆಲವು ಗಂಟೆ ಒಣಗಿಸಿ ಮತ್ತೆ ಅಳೆದ ಮೇಲಷ್ಟೇ ತೀರ್ಪು ಕೊಡಿ. ಎಂಜಿನ್ ಕೋಣೆಗೆ ನೀರು ನುಗ್ಗಿ ಸೆಲ್ಫ್ ಮುಳುಗಿದ್ದರೆ ಅದೇ ದಿನ ತೊಳೆದು ಬಿಚ್ಚಬೇಕು. ವಾರ ಬಿಟ್ಟರೆ ಪೋಲ್ ಶೂ ತುಕ್ಕು ಉಬ್ಬಿ ಆರ್ಮೇಚರನ್ನೇ ಕಚ್ಚಿ ಹಿಡಿಯುತ್ತದೆ.

ಈಗ ತೀರ್ಮಾನಕ್ಕೆ ಬರಬಹುದು. ಬ್ರಶ್, ಬುಶ್, ಬ್ರಶ್ ಸ್ಪ್ರಿಂಗ್, ಸೊಲೆನಾಯ್ಡ್, ಬೆಂಡಿಕ್ಸ್ ಇವು ಸವೆಯಲೆಂದೇ ಇರುವ ಭಾಗಗಳು. ಆರ್ಮೇಚರ್, ಫೀಲ್ಡ್ ಕಾಯಿಲ್, ಬಾಡಿ ಸರಿಯಿದ್ದು ಇವಷ್ಟೇ ಹೋಗಿದ್ದರೆ ಕಣ್ಣು ಮುಚ್ಚಿ ಕಟ್ಟಿಸಿ. ಆರ್ಮೇಚರ್ ಒಂದೇ ಹೋಗಿದ್ದು ಕಂಪನಿಯ ಹೊಸ ಆರ್ಮೇಚರ್ ಸಿಗುತ್ತದಾದರೆ ಆಗಲೂ ಕಟ್ಟಿಸಬಹುದು. ಆರ್ಮೇಚರಿನ ಜೊತೆ ಬೆಂಡಿಕ್ಸೋ ಫೀಲ್ಡ್ ಕಾಯಿಲೋ ಹೋಗಿದ್ದರೆ ಹೊಸದೇ ವಾಸಿ. ಒಟ್ಟು ಖರ್ಚು ಅದೇ ದರ್ಜೆಯ ಹೊಸ ಸೆಲ್ಫಿನ ಅರ್ಧ ಬೆಲೆ ದಾಟಿದಲ್ಲಿ ರಿಪೇರಿ ನಿಲ್ಲಿಸಿ. 'ಅದೇ ದರ್ಜೆಯ' ಎನ್ನುವುದನ್ನು ಗಮನಿಸಿ. ಹೆಸರಿಲ್ಲದ ಅಗ್ಗದ ನಕಲಿಗೆ ಹೋಲಿಸಿದರೆ ಯಾವ ರಿಪೇರಿಯೂ ದುಬಾರಿಯೇ ಕಾಣುತ್ತದೆ. ದಪ್ಪ ಬಾಡಿಯ ಹಳೆಯ ಲೂಕಾಸ್ ಟಿವಿಎಸ್ ಸೆಲ್ಫನ್ನು ಚೆನ್ನಾಗಿ ಕಟ್ಟಿಸಿದರೆ ಅದು ಅಂಥ ನಕಲಿಗಿಂತ ಹೆಚ್ಚು ಕಾಲ ಬಾಳುತ್ತದೆ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಮ್ಯಾಗ್ನೆಟ್ ಮಾದರಿಯಲ್ಲಿ ಮ್ಯಾಗ್ನೆಟ್ ಬಿಟ್ಟಿದ್ದರೆ ಅಥವಾ ಒಡೆದಿದ್ದರೆ ಮರು ಅಂಟಿಸುವ ಸಾಹಸ ಬೇಡ, ಬದಲಿಸಿ.

ಕಟ್ಟಿಸಲು ಕೊಡುವಾಗ ಬಾಯಿಬಿಟ್ಟು ಹೇಳಬೇಕಾದ ಕೆಲವು ಮಾತುಗಳಿವೆ. ಬ್ರಶ್ ನಾಲ್ಕನ್ನೂ ಒಟ್ಟಿಗೆ ಬದಲಿಸಲಿ, ಅರ್ಧಕ್ಕಿಂತ ಹೆಚ್ಚು ಉಳಿದಿದೆ ಎಂದು ಎರಡನ್ನು ಬಿಡುವುದು ಬೇಡ. ಹೊಸ ಕಂಚಿನ ಬುಶ್‌ಗಳನ್ನು ಹಾಕುವ ಮೊದಲು 24 ಗಂಟೆ ಎಂಜಿನ್ ಆಯಿಲ್‌ನಲ್ಲಿ ನೆನೆಸಬೇಕು. ಅವಸರವಿದ್ದರೆ 100 ಡಿಗ್ರಿಗೆ ಕಾಯಿಸಿದ ಆಯಿಲ್‌ನಲ್ಲಿ 2 ಗಂಟೆ ಇಟ್ಟು, ಅದರಲ್ಲೇ ತಣಿಯಲು ಬಿಡಬೇಕು. ಕೂರಿಸಿದ ಮೇಲೆ ರೀಮರ್ ಹಾಕಿ ಕೊರೆದರೆ ಎಣ್ಣೆ ಹೀರುವ ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ, ಬುಶ್ ಒಣಗಿಯೇ ಓಡುತ್ತದೆ. ಬೆಂಡಿಕ್ಸಿನ ಕ್ಲಚ್ಚನ್ನು ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಮುಳುಗಿಸಿ ತೊಳೆಯಬಾರದು, ಒಳಗೆ ತುಂಬಿಟ್ಟ ಗ್ರೀಸ್ ಕರಗಿ ಹೋಗುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಕು. ಬದಲಿಸಿದ ಹಳೆಯ ಭಾಗಗಳನ್ನೆಲ್ಲ ವಾಪಸ್ ಕೇಳಿ ಪಡೆಯಿರಿ.

ತರುವಾಗ ಅಂಗಡಿಯಲ್ಲೇ ವೈಸಿಗೆ ಕಚ್ಚಿಸಿ ಲೋಡ್ ಇಲ್ಲದೆ ಓಡಿಸಿ ತೋರಿಸಲು ಹೇಳಿ, ಜೊತೆಗೆ ಆಂಪಿಯರ್ ಮೀಟರ್ ಹಾಕಿಸಿ. ಮೆಲ್ಲಗೆ ತಿರುಗಿ ಹೆಚ್ಚು ಆಂಪಿಯರ್ ಎಳೆದರೆ ಬುಶ್ ಬಿಗಿ, ಇಲ್ಲವೇ ಆರ್ಮೇಚರ್ ತಾಗುತ್ತಿದೆ ಅಥವಾ ಶಾರ್ಟ್. ಮೆಲ್ಲಗೆ ತಿರುಗಿ ಕಡಿಮೆ ಆಂಪಿಯರ್ ಎಳೆದರೆ ಎಲ್ಲೋ ಜೋಡಣೆ ಸಡಿಲ, ಬ್ರಶ್ ಸರಿಯಾಗಿ ಕೂತಿಲ್ಲ. ಎರಡರಲ್ಲಿ ಯಾವುದಿದ್ದರೂ ಮನೆಗೆ ತರಬೇಡಿ.

ಹೊಸದು ಕೊಳ್ಳುವುದಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ವೋಲ್ಟೇಜ್, ಕಿಲೋವ್ಯಾಟ್, ತಿರುಗುವ ದಿಕ್ಕು, ಪಿನಿಯನ್ ಹಲ್ಲುಗಳ ಎಣಿಕೆ, ಫ್ಲ್ಯಾಂಜಿನ ಬೋಲ್ಟ್ ತೂತುಗಳು, ಫ್ಲ್ಯಾಂಜಿನಿಂದ ಪಿನಿಯನ್ ತುದಿಗಿರುವ ಅಂತರ, ಇಷ್ಟೂ ತಾಳೆಯಾಗಬೇಕು. ಇದರ ಜೊತೆಗೆ ಮೈನಸ್ ವಿಷಯ: ಕೆಲವು ಬೋಟ್ ಎಂಜಿನ್ನುಗಳ ಸೆಲ್ಫಿನಲ್ಲಿ ಮೈನಸ್ಸಿಗೂ ಬೇರೆ ಟರ್ಮಿನಲ್ ಇರುತ್ತದೆ, ಬಾಡಿಗೆ ಸಂಪರ್ಕ ಇರುವುದಿಲ್ಲ. ಕಬ್ಬಿಣದ ಅಥವಾ ಅಲ್ಯೂಮಿನಿಯಂ ಒಡಲಿನ ಬೋಟಿನಲ್ಲಿ ಕರೆಂಟ್ ಸೋರಿ ಲೋಹ ತಿನ್ನದಿರಲಿ ಎಂದು ಮಾಡಿದ ವ್ಯವಸ್ಥೆ ಅದು. ಅಲ್ಲಿ ಬಾಡಿಯೇ ಮೈನಸ್ ಆಗಿರುವ, ಅಂದರೆ ಬಾಡಿ ಅರ್ತಿನ ಸೆಲ್ಫ್ ತಂದು ಹಾಕಬಾರದು.

ಲಾರಿಯ ಸೆಲ್ಫ್ ಬೋಟಿಗೆ ಹಾಕಬಹುದೇ? ಎಂಜಿನ್ ಒಂದೇ ಆದರೆ ಕೂರುತ್ತದೆ, ಡೀಸೆಲ್ ಬೋಟುಗಳಲ್ಲಿ ಹಾಕುವವರೂ ಇದ್ದಾರೆ. ಬೋಟಿನ ಸೆಲ್ಫಿಗೆ ಇರುವ ಸೀಲು, ದಪ್ಪ ಬಣ್ಣ, ತುಕ್ಕು ತಡೆಯುವ ಲೇಪ ಅದಕ್ಕಿರುವುದಿಲ್ಲ ಎಂದು ತಿಳಿದೇ ಹಾಕಿ. ಪೆಟ್ರೋಲ್ ಇನ್‌ಬೋರ್ಡ್ ಎಂಜಿನ್ನಿಗೆ ಮಾತ್ರ ಯಾವ ಕಾರಣಕ್ಕೂ ಬೇಡ. ಬ್ರಶ್ಶಿನ ಕಿಡಿ ಹೊರಗಿನ ಆವಿಗೆ ತಾಗದಂತೆ ಮುಚ್ಚಿದ, ಎಸ್‌ಎಇ ಜೆ1171 ಎಂಬ ಗುರುತಿರುವ ಮೆರೈನ್ ಸೆಲ್ಫೇ ಅಲ್ಲಿ ಬೇಕು. ಇಲ್ಲದಿದ್ದರೆ ಬೋಟೇ ಸಿಡಿಯಬಹುದು.

ಒಳಗೆ ಗೇರ್ ಇರುವ ಹೊಸ ನಮೂನೆಯ ರಿಡಕ್ಷನ್ ಸೆಲ್ಫ್ ನಿಮ್ಮ ಎಂಜಿನ್ನಿಗೆ ಸಿಗುತ್ತದಾದರೆ ಅದನ್ನು ಪರಿಗಣಿಸಿ. ತೂಕ ಕಡಿಮೆ, ಕಡಿಮೆ ಕರೆಂಟಿನಲ್ಲಿ ಹೆಚ್ಚು ಬಲ ಕೊಡುತ್ತದೆ, ಬ್ಯಾಟರಿ ಸ್ವಲ್ಪ ಸೋತಿದ್ದರೂ ಎಂಜಿನ್ ಎತ್ತುತ್ತದೆ.

ಹೊಸದಾಗಲಿ ಕಟ್ಟಿಸಿದ್ದಾಗಲಿ, ವಾಪಸ್ ಕೂರಿಸುವ ಮುನ್ನ ಟಾರ್ಚ್ ಹಿಡಿದು ಆ ಜಾಗದ ಮೇಲಕ್ಕೆ ನೋಡಿ. ಬೋಟಿನ ಸೆಲ್ಫ್‌ಗಳು ಹೆಚ್ಚಾಗಿ ಸಾಯುವುದು ಕೆಲಸ ಮಾಡಿ ಅಲ್ಲ, ನೀರು ತೊಟ್ಟಿಕ್ಕಿ. ಎಂಜಿನ್ನಿನ ತೀರಾ ಕೆಳಗೆ ಕೂತಿರುವ ಅದರ ಮೇಲೆ ಹೀಟ್ ಎಕ್ಸ್‌ಚೇಂಜರಿನ ಹೋಸ್ ಕ್ಲಿಪ್, ಉಪ್ಪುನೀರಿನ ಪಂಪಿನ ಸವೆದ ಸೀಲ್, ಹೊಗೆ ಪೈಪಿನ ಮೊಣಕೈ ಇವುಗಳಿಂದ ಹನಿ ಬೀಳುತ್ತದೆ. ಬಿಳಿ ಉಪ್ಪಿನ ಗೆರೆ ಎಲ್ಲಿಂದ ಇಳಿದಿದೆ ಎಂದು ಬೆರಳು ಓಡಿಸಿದರೆ ಮೂಲ ಸಿಗುತ್ತದೆ. ಅದನ್ನು ನಿಲ್ಲಿಸದೆ ಹಾಕಿದ ಸೆಲ್ಫ್ ಮುಂದಿನ ಮಳೆಗಾಲ ಕಾಣುವುದಿಲ್ಲ. ಮೇಲೊಂದು ರಬ್ಬರ್ ಹಾಳೆಯ ಕೊಡೆ ಕಟ್ಟಿ, ಸೆಲ್ಫಿನಲ್ಲಿ ನೀರು ಬಸಿಯುವ ತೂತಿದ್ದರೆ ಅದು ಕೆಳಮುಖವಾಗಿರಲಿ. ಟರ್ಮಿನಲ್‌ಗಳನ್ನು ಉಜ್ಜಿ ಒಣಗಿಸಿ ಬಿಗಿ ಮಾಡಿದ ಮೇಲೆ ಗ್ರೀಸ್ ಬಳಿಯಿರಿ, ಮೊದಲೇ ಅಲ್ಲ. ಫ್ಲ್ಯಾಂಜ್ ಕೂರುವ ಜಾಗದಲ್ಲಿ ಬಣ್ಣ, ತುಕ್ಕು ಇದ್ದರೆ ಬಾಡಿ ಅರ್ತಿನ ಸೆಲ್ಫಿಗೆ ಮೈನಸ್ ಸಿಗುವುದಿಲ್ಲ.

ಔಟ್‌ಬೋರ್ಡಿನ ಸಣ್ಣ ಸೆಲ್ಫ್‌ಗಳಲ್ಲಿ ಕೆಳಗಿನ ಮುಚ್ಚಳ ತುಕ್ಕು ತಿಂದು ತೂತಾಗಿದ್ದರೆ ಬದಲಿಸುವುದೇ ಸರಿ. ಬ್ರಶ್ ಮಾತ್ರ ಆದರೆ ಕಿಟ್ ಹಾಕಿ. ಪಿನಿಯನ್ ಏರಿಳಿಯುವ ಶಾಫ್ಟಿಗೆ ದಪ್ಪ ಗ್ರೀಸ್ ಬೇಡ, ತೆಳು ಎಣ್ಣೆ ಎರಡು ಹನಿ. ಗ್ರೀಸಿಗೆ ಧೂಳು ಅಂಟಿ ಪಿನಿಯನ್ ಮೇಲೇರುವುದೇ ಇಲ್ಲ.

ಸಮಯದ ಲೆಕ್ಕ ಹೀಗೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ, ಗಡಿಯ ತಲಪಾಡಿಯಾಚೆ ಕರ್ನಾಟಕದಲ್ಲಿ ಜೂನ್ 1ರಿಂದಲೇ 61 ದಿನ. ಭಾಗಗಳಿಗೂ ವೈಂಡಿಂಗಿಗೂ ಮಂಗಳೂರಿನ ಬಂದರಿನತ್ತ ಹೋಗುವವರು ಜುಲೈ ಕೊನೆಯಲ್ಲಿ ಹೋದರೆ ಎರಡೂ ಕಡೆಯ ಬೋಟಿನವರು ಅಲ್ಲಿ ಸಾಲುಗಟ್ಟಿರುತ್ತಾರೆ, ಕೆಲಸ ಅವಸರದ್ದಾಗುತ್ತದೆ. ಜೂನ್ ತಿಂಗಳಲ್ಲೇ ಕೊಟ್ಟುಬಿಡಿ. ಮೀನಿನ ಕಾಲದ ನಡುವೆ ಕೈಕೊಟ್ಟರೆ ರಿಪೇರಿಗೆ ಕಾಯಬೇಡಿ: ಹೊಸದು ಹಾಕಿ ಕಡಲಿಗಿಳಿಯಿರಿ, ಹಳೆಯದನ್ನು ನಿಧಾನವಾಗಿ ಕಟ್ಟಿಸಿ ಬದಲಿಯಾಗಿ ಇಟ್ಟುಕೊಳ್ಳಿ. ಬಾಡಿ, ಆರ್ಮೇಚರ್ ಸರಿಯಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆ ಬದಲಿ ಸೆಲ್ಫನ್ನು ಒಮ್ಮೆ ಎಂಜಿನ್ನಿಗೆ ಕೂರಿಸಿ, ಸ್ಟಾರ್ಟ್ ಮಾಡಿ ನೋಡಿದ ಮೇಲೇ ಎತ್ತಿಡಿ. ಪಿನಿಯನ್ನಿಗೆ ತೆಳು ಎಣ್ಣೆ ಸವರಿ, ಎರಡು ಪದರ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎಂಜಿನ್ ಕೋಣೆಯಲ್ಲಲ್ಲ, ವೀಲ್‌ಹೌಸಿನ ಒಣ ಪೆಟ್ಟಿಗೆಯಲ್ಲಿಡಿ. ಅದರ ಬೋಲ್ಟ್‌ಗಳನ್ನೂ, ಬಿಚ್ಚಲು ಬೇಕಾದ ಅಳತೆಯ ಸ್ಪಾನರನ್ನೂ ಅದೇ ಕಟ್ಟಿಗೆ ತಂತಿಯಿಂದ ಬಿಗಿದಿಡಿ.